ಹಗುರ ಕಾರಿಗೆ ಹಯಬುಸಾ ಎಂಜಿನ್ ಬೇಕಾ?

ಓದುಗರ ಪ್ರಶ್ನೆ: ನಾನು ಬೈಲಹೊಂಗಲದವನು, ಹನ್ನೊಂದು ವರ್ಷದಿಂದ ಪುಣೆಯ ನಿಗಡಿಯಲ್ಲಿದ್ದೇನೆ. ಮೂವರು ಗೆಳೆಯರು ಸೇರಿ ಎರಡು ವರ್ಷ ಕಷ್ಟಪಟ್ಟು ಒಂದು ಕಿಟ್ ಕಾರು, ಅಂದರೆ ಬಿಡಿಭಾಗ ಜೋಡಿಸಿ ನಾವೇ ಮಾಡುವ ಕಾರು, ಕಟ್ಟಿದ್ದೇವೆ. ಬ್ರಿಟನ್ನಿನ ಹಳೆಯ ಲೋಟಸ್ ಸೆವೆನ್ ಅಂತ ಎರಡು ಸೀಟಿನ ತೆರೆದ ಹಗುರ ಕಾರು ಇದೆಯಲ್ಲ, ಆ ಮಾದರಿ. ಸ್ಟೀಲ್ ಪೈಪಿನ ಫ್ರೇಮು, ಅಲ್ಯೂಮಿನಿಯಂ ತಗಡು, ಫೈಬರ್ ಮಡ್‌ಗಾರ್ಡ್. ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಹಿಂದಿನ ಆಕ್ಸಲ್ಲು, ಅದರ ಸ್ಪ್ರಿಂಗು ಎಲ್ಲ ಅಪಘಾತವಾದ ಒಂದು ಮಾರುತಿ ಈಕೋದಿಂದ ತೆಗೆದದ್ದು. ಖಾಲಿ ತೂಕ 540 ಕೆಜಿ. ಟೈರು 205/50 ಆರ್15, ಗಾಳಿ 32 ಪಿಎಸ್ಐ. ಮುಳಶಿ ಕಡೆ ಗೆಳೆಯನ ಪ್ಲಾಟ್ ಇರುವ ಲೇಔಟಿನ ರಸ್ತೆಯಲ್ಲಿ ಓಡಿಸುತ್ತಿದ್ದೆವು. ಜೂನಿನ ಮೊದಲ ಮಳೆ ಬಿದ್ದ ದಿನ, ಎರಡನೇ ಗೇರಿನಲ್ಲಿ, 40ರ ಆಸುಪಾಸು, ಸಣ್ಣ ಉಬ್ಬಿರುವ ತಿರುವಿನಲ್ಲಿ ಹಿಂಭಾಗ ಜಿಗಿದು ಕಾರು ಒಂದು ಸುತ್ತು ತಿರುಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಸ್ಟೀರಿಂಗ್ ಹಿಡಿದರೆ ಕೈ ನಡುಗುತ್ತದೆ. ಒಬ್ಬ ಗೆಳೆಯ ಹಿಂದೆ ಮರಳು ಚೀಲ ಹಾಕು ಅನ್ನುತ್ತಾನೆ. ಇನ್ನೊಬ್ಬನಿಗೆ ಹಯಬುಸಾ ಬೈಕಿನ ಎಂಜಿನ್ ಕೂರಿಸುವ ಆಸೆ. ಈಕೋದ ಆರ್‌ಸಿ ಇದೆ, ಅದನ್ನೇ ಇಟ್ಟುಕೊಂಡು ದಸರಾಕ್ಕೆ ಊರಿಗೆ ಹೋಗೋಣ ಅಂತಲೂ ಮಾತಾಗಿದೆ. ನನ್ನ ಹೆಂಡತಿ ಮಾತ್ರ 'ಲಾರಿಯವನಿಗೆ ನೀವು ಕಾಣುತ್ತೀರಾ?' ಅಂತ ಒಂದೇ ಮಾತು ಕೇಳಿದಳು. ತಪ್ಪು ನನ್ನ ಡ್ರೈವಿಂಗಿನದಾ, ಕಾರಿನದಾ? ಮುಂದೇನು ಮಾಡಲಿ?

ಉತ್ತರ: ಮೊದಲು ಕೈ ನಡುಕದ ವಿಷಯ. ನೀವು ಬರೆದ ಅಂಕಿಗಳನ್ನು ನೋಡಿದರೆ ಅವತ್ತು ಸ್ಟೀರಿಂಗ್ ಹಿಂದೆ ಯಾರಿದ್ದರೂ ಕಾರು ತಿರುಗುತ್ತಿತ್ತು. ನಾನಿದ್ದರೂ ತಿರುಗುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಪುಣೆಯಲ್ಲಿ ಕಾರುಗಳ ಸಸ್ಪೆನ್ಷನ್, ಅಂದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಮೇಲೆಯೇ ಕೆಲಸ ಮಾಡಿದವನ ಮಾತಿದು, ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನಿಮ್ಮ ಕಾರಿನಲ್ಲಿ ಮೂರು ದೋಷ ಒಂದೇ ಕಡೆ ಕೂತಿವೆ: ಹಿಂದಿನ ಸ್ಪ್ರಿಂಗು, ಟೈರಿನ ಗಾಳಿ, ಹಿಂದಿನ ಬ್ರೇಕು. ಮೂರೂ ಈಕೋದ ಮಟ್ಟಿಗೆ ಸರಿಯೇ. ನಿಮ್ಮ ಕಾರು ಈಕೋ ಅಲ್ಲ ಅನ್ನುವುದೇ ತಕರಾರು.

ಈಕೋವನ್ನು ಆರಿಸಿದ್ದಕ್ಕೆ ಮಾತ್ರ ನಿಮಗೆ ಶಾಭಾಸ್ ಹೇಳಬೇಕು. ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವ ಅಗ್ಗದ ಗಾಡಿ ನಮ್ಮಲ್ಲಿ ಬೇರೆ ಎಷ್ಟಿವೆ? ಇದರಲ್ಲೊಂದು ತಮಾಷೆಯೂ ಇದೆ. ಲೋಟಸ್ ಸೆವೆನ್ ಅನ್ನು ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ. ಬಿಡಿಭಾಗಗಳಾಗಿ ಮಾರಿದರೆ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ತಪ್ಪುತ್ತಿತ್ತು. ಕಿಟ್ ಕಾರಿನ ಹುಚ್ಚು ಬೆಳೆದದ್ದಕ್ಕೆ ಅದೂ ಒಂದು ಕಾರಣ. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕೈಗೆ ಹೋಯಿತು, ಇವತ್ತಿಗೂ ಅವರು ಮಾಡುತ್ತಲೇ ಇದ್ದಾರೆ. ಹತ್ತು ಹನ್ನೆರಡು ವರ್ಷದ ಹಿಂದೆ ಅವರು ತಂದ ಚಿಕ್ಕ ಸೆವೆನ್‌ನಲ್ಲಿ ಇದ್ದದ್ದು ಸುಜುಕಿಯ 660 ಸಿಸಿ ಎಂಜಿನ್, ಹಿಂದಿನ ಆಕ್ಸಲ್ಲೂ ಸುಜುಕಿಯದೇ. 80 ಕುದುರೆಶಕ್ತಿ, 490 ಕೆಜಿ. ಅಂದರೆ ನೀವು ಮೂವರು ಗ್ಯಾರೇಜಿನಲ್ಲಿ ಕೂತು ಹಿಡಿದ ದಾರಿಯನ್ನೇ ಅವರೂ ಹಿಡಿದಿದ್ದರು. ಒಂದೇ ವ್ಯತ್ಯಾಸ: ಸ್ಪ್ರಿಂಗನ್ನು ಅವರು ತಮ್ಮ ಕಾರಿನ ತೂಕಕ್ಕೆ ಲೆಕ್ಕ ಹಾಕಿ ಹಾಕಿದರು, ನೀವು ವ್ಯಾನಿನದ್ದನ್ನೇ ಬಿಟ್ಟಿರಿ.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಪ್ರಶ್ನೆಯ ತಿರುಳೇ ಅದು.

ಈಕೋ ಜನ ತುಂಬಿಕೊಂಡು ಹೋಗುವ ಗಾಡಿ. ಜನ, ಸಾಮಾನು ಎಲ್ಲ ಸೇರಿದರೆ ಹಿಂದಿನ ಆಕ್ಸಲ್ ಮೇಲೆ 800 ಕೆಜಿಯಷ್ಟು ಬೀಳಬಹುದು. ಅದನ್ನು ಹೊರಲೆಂದೇ ಆ ಸ್ಪ್ರಿಂಗ್ ಮಾಡಿದ್ದು. ನಿಮ್ಮ ಕಾರಿನಲ್ಲಿ ನೀವು ಕೂತ ಮೇಲೂ ಹಿಂದೆ ಬೀಳುವುದು ಸುಮಾರು 320 ಕೆಜಿ. ಅದರಲ್ಲಿ ಆಕ್ಸಲ್ಲು, ಚಕ್ರ, ಬ್ರೇಕಿನ ಡ್ರಮ್ಮು ಸೇರಿ ಸುಮಾರು 100 ಕೆಜಿ ಸ್ಪ್ರಿಂಗಿನ ಕೆಳಗೇ ಇದೆ, ಅದನ್ನು ಸ್ಪ್ರಿಂಗ್ ಹೊರುವುದೇ ಇಲ್ಲ. ಉಳಿದದ್ದು 220. ತುಂಬಿದ ಈಕೋದಲ್ಲಿ ಮೇಲಿನ ತೂಕ ಕೆಳಗಿನದರ ಏಳು ಪಟ್ಟು, ನಿಮ್ಮಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಉಬ್ಬು ಬಂದಾಗ ಆಕ್ಸಲ್ ಮೇಲೆ ಹಾರುತ್ತದೆ. ಭಾರದ ಗಾಡಿಯಾದರೆ ಮೇಲಿನ ತೂಕ ಅದನ್ನು ಒತ್ತಿ ಹಿಡಿಯುತ್ತದೆ. ನಿಮ್ಮ ಕಾರಿನಲ್ಲಿ ಹಾರಿದ ಆಕ್ಸಲ್ಲೇ ಇಡೀ ಹಿಂಭಾಗವನ್ನು ಎತ್ತಿ ಒಗೆಯುತ್ತದೆ, ಮೊರದಲ್ಲಿ ಕಾಳು ಕೇರಿದ ಹಾಗೆ. ಚಕ್ರ ಗಾಳಿಯಲ್ಲಿದ್ದಾಗ ಅದಕ್ಕೆ ಹಿಡಿತ ಎಲ್ಲಿಂದ ಬರಬೇಕು? ಅದೇ ಹೊತ್ತಿಗೆ ನೀವು ತಿರುವಿನಲ್ಲಿದ್ದಿರಿ, ಕಾಲು ಆಕ್ಸಿಲರೇಟರ್ ಮೇಲಿತ್ತು, ರಸ್ತೆ ಒದ್ದೆಯಾಗಿತ್ತು. ಸಣ್ಣ ಉಬ್ಬೇ ಸಾಕಾಯಿತು.

ಸ್ಪ್ರಿಂಗಿನ ಬಿಗಿತವನ್ನು ನಾವು ಕಾರು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದರಲ್ಲಿ ಅಳೆಯುತ್ತೇವೆ. ಮನೆಯ ಕಾರು ಒಂದರಿಂದ ಒಂದೂವರೆ ಸಲ ತೂಗುತ್ತದೆ. ಸ್ಪೋರ್ಟ್ಸ್ ಕಾರಾದರೆ ಒಂದೂವರೆಯಿಂದ ಎರಡು. ಅದಕ್ಕಿಂತ ಮೇಲೆ ಹೋದರೆ ಅದು ನುಣುಪಾದ ರೇಸ್ ಟ್ರ್ಯಾಕಿನ ಲೆಕ್ಕ. ನನ್ನ ಅಂದಾಜಿನಲ್ಲಿ ನಿಮ್ಮ ಹಿಂಭಾಗ ಎರಡೂವರೆ ಸಲ ತೂಗುತ್ತಿದೆ. ಮುಳಶಿಯ ಲೇಔಟ್ ರಸ್ತೆಗೆ ರೇಸ್ ಕಾರಿನ ಸ್ಪ್ರಿಂಗ್ ಹಾಕಿದ ಹಾಗಾಯಿತು.

ಇದನ್ನು ಮನೆಯಲ್ಲೇ ನೋಡಬಹುದು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ. ಹಿಂದಿನ ಆಕ್ಸಲ್ ನೇರಕ್ಕೆ, ಎಡಕ್ಕೊಂದು ಬಲಕ್ಕೊಂದು, 20 ಕೆಜಿಯ ಅಕ್ಕಿ ಚೀಲ ಇಡಿ. ಇಡುವ ಮೊದಲು ಮತ್ತು ಇಟ್ಟ ಮೇಲೆ ನೆಲದಿಂದ ಫ್ರೇಮಿನ ಎತ್ತರ ಅಳೆಯಿರಿ. ಒಂದು ಮೂಲೆಯಲ್ಲಿ ಸ್ಪ್ರಿಂಗ್ ಹೊರುವ ತೂಕ 100 ಕೆಜಿ ಆಸುಪಾಸು ಇದ್ದು, ಒಂದೂವರೆ ಸಲದ ತೂಗಾಟ ಬೇಕು ಅಂದರೆ, ಸುಮಾರು 9 ಕೆಜಿಗೆ ಒಂದು ಸೆಂಟಿಮೀಟರ್ ಇಳಿಯಬೇಕು. ಅಂದರೆ ಅಕ್ಕಿ ಚೀಲಕ್ಕೆ ಎರಡು ಸೆಂಟಿಮೀಟರಿಗಿಂತ ಚೂರು ಜಾಸ್ತಿ. ನಿಮ್ಮದು ಏಳೆಂಟು ಮಿಲಿಮೀಟರ್ ಇಳಿದರೆ ಜಾಸ್ತಿ ಅನ್ನಬೇಕು. ಭೋಸರಿಯಲ್ಲಿ ಹೇಳಿದ ಅಳತೆಗೆ ಸ್ಪ್ರಿಂಗ್ ಸುತ್ತಿಕೊಡುವವರಿದ್ದಾರೆ, ಅವರಿಗೆ ಈ ಲೆಕ್ಕ ಕೊಡಿ. 'ಈಕೋದ್ದನ್ನೇ ಒಂದು ಸುತ್ತು ಕತ್ತರಿಸಿಬಿಡೋಣ' ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಸ್ಪ್ರಿಂಗ್ ಕತ್ತರಿಸಿದರೆ ಅದು ಮೆತ್ತಗಾಗುವುದಿಲ್ಲ, ಇನ್ನೂ ಬಿಗಿಯಾಗುತ್ತದೆ. ಸ್ಪ್ರಿಂಗ್ ಜೊತೆಗೆ ಶಾಕ್ ಅಬ್ಸಾರ್ಬರನ್ನೂ ಬದಲಿಸಬೇಕು. ವ್ಯಾನಿನ ಶಾಕ್ ಗಟ್ಟಿ. ಮೆತ್ತನೆಯ ಸ್ಪ್ರಿಂಗ್ ಜೊತೆ ಅದು ಒಮ್ಮೆ ಅದುಮಿದ ಚಕ್ರವನ್ನು ಬೇಗ ಕೆಳಕ್ಕೆ ಬಿಡುವುದಿಲ್ಲ, ಸಾಲಾಗಿ ನಾಲ್ಕು ಗುಂಡಿ ಬಂದರೆ ಕಾರು ಕುಗ್ಗುತ್ತಲೇ ಹೋಗುತ್ತದೆ.

ಇನ್ನು ಮರಳು ಚೀಲ. ಗೆಳೆಯನ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅದು ಅಪಾಯ. 60 ಕೆಜಿ ಮರಳು ಹೇರಿದರೆ ಹಿಂಭಾಗದ ಕುಣಿತ ನಿಜಕ್ಕೂ ಕಡಿಮೆಯಾಗುತ್ತದೆ, ಯಾಕೆಂದರೆ ಸ್ಪ್ರಿಂಗಿಗೆ ಹೊರಲು ಏನೋ ಸಿಕ್ಕಿತು. ಆದರೆ ಚೀಲ ಕೂರುವುದು ಆಕ್ಸಲ್ಲಿನ ಹಿಂದೆ, ಬಾಲದಲ್ಲಿ. ಅಂಥ ಕಾರು ಒಮ್ಮೆ ತಿರುಗಲು ಶುರುಮಾಡಿದರೆ ನಿಲ್ಲಿಸುವುದು ಇನ್ನೂ ಕಷ್ಟ. ಹಗ್ಗದ ತುದಿಗೆ ಕಲ್ಲು ಕಟ್ಟಿ ಬೀಸಿದ ಹಾಗೆ. ಜೋರಾಗಿ ಬ್ರೇಕ್ ಒತ್ತಿದಾಗ ಆ ಚೀಲ ನಿಮ್ಮ ಬೆನ್ನಿಗೇ ಬಂದು ಬಡಿಯುತ್ತದೆ. ಹಗುರ ಮಾಡಲು ಎರಡು ವರ್ಷ ಬೆವರು ಸುರಿಸಿ ಕೊನೆಗೆ ಮರಳು ತುಂಬುವುದೆಂದರೆ, ನನಗಂತೂ ಹೊಟ್ಟೆ ಉರಿಯುತ್ತದೆ.

'ಭಾರದ ಕಾರೇ ರಸ್ತೆ ಹಿಡಿಯುತ್ತದೆ' ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನುಣುಪು ರಸ್ತೆಯಲ್ಲಿ ಇದು ಸುಳ್ಳು. ಟೈರಿನ ಮೇಲೆ ಹೊರೆ ಏರಿದಂತೆ ಹಿಡಿತವೂ ಏರುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಹೀಗಾಗಿ ತೂಕಕ್ಕೆ ಹೋಲಿಸಿದರೆ ಹಗುರ ಕಾರಿಗೇ ಹಿಡಿತ ಜಾಸ್ತಿ. ಉಬ್ಬು ತಗ್ಗಿನ ರಸ್ತೆಯಲ್ಲಿ ಮಾತ್ರ ಆ ಮಾತು ನಿಜವಾಗಿಬಿಡುತ್ತದೆ, ಆಗಲೇ ಹೇಳಿದ ಕಾರಣಕ್ಕೆ.

ಈಗ ಟೈರು. ನಿಮ್ಮ ಅಳತೆಯ ಟೈರಿನ ಮೇಲೆ ಸಾಮಾನ್ಯವಾಗಿ 86 ಎಂಬ ಅಂಕಿ ಇರುತ್ತದೆ. ಅದು ಹೊರೆಯ ಸಂಖ್ಯೆ. 86 ಅಂದರೆ ಒಂದು ಟೈರು 530 ಕೆಜಿ ಹೊರಬಲ್ಲದು. ನಿಮ್ಮ ಇಡೀ ಕಾರು 540! ಹೆಚ್ಚುಕಮ್ಮಿ ಒಂದೇ ಟೈರು ಹೊರಬಲ್ಲ ಕಾರಿಗೆ ನಾಲ್ಕು ಹಾಕಿ, ನಾಲ್ಕಕ್ಕೂ 32 ಪಿಎಸ್ಐ ಗಾಳಿ ತುಂಬಿದ್ದೀರಿ. ಕಲ್ಲಿನ ಚಕ್ರ ಕಟ್ಟಿದ ಹಾಗೆ. ಟ್ರೆಡ್ಡಿನ, ಅಂದರೆ ಟೈರಿನ ಗೆರೆಗಳಿರುವ ಹೊರಮೈಯ, ನಡುಭಾಗ ಮಾತ್ರ ನೆಲ ಮುಟ್ಟುತ್ತದೆ, ರಬ್ಬರು ಬಿಸಿಯೇ ಆಗುವುದಿಲ್ಲ. ಸೆವೆನ್ ಮಾದರಿಯ ಕಾರುಗಳಿಗೆ 18ರಿಂದ 20 ಪಿಎಸ್ಐ ಸಾಮಾನ್ಯ. ಪೆಟ್ರೋಲ್ ಬಂಕಿನ ಹುಡುಗ ನಂಬುವುದಿಲ್ಲ, 'ಪಂಕ್ಚರ್ ಆಗಿದೆ ಸಾಹೇಬ್' ಅನ್ನುತ್ತಾನೆ. ಟೈರಿನ ಅಗಲಕ್ಕೂ ಸೀಮೆಸುಣ್ಣದ ಗೆರೆ ಎಳೆದು ಸ್ವಲ್ಪ ದೂರ ನೇರ ಓಡಿಸಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಇನ್ನೂ ಜಾಸ್ತಿ ಇದೆ ಅಂತ ಅರ್ಥ.

ಆದರೆ ಇಲ್ಲೊಂದು ಕೊಕ್ಕೆ ಇದೆ. ನಿಂತ ನೀರಿನ ಮೇಲೆ ಟೈರು ತೇಲತೊಡಗುವ ವೇಗ ಗಾಳಿಯ ಒತ್ತಡವನ್ನು ಅವಲಂಬಿಸಿದೆ. ವಿಮಾನದ ಟೈರುಗಳ ಪರೀಕ್ಷೆಯಿಂದ ಬಂದ ಒಂದು ಹಳೆಯ ಒರಟು ಸೂತ್ರದ ಪ್ರಕಾರ 32 ಪಿಎಸ್ಐಗೆ ಅದು ಗಂಟೆಗೆ ಸುಮಾರು 94 ಕಿಮೀ, 18ಕ್ಕೆ ಸುಮಾರು 71. ಅಗಲ ಟೈರು, ಸವೆದ ಟ್ರೆಡ್ಡು ಆದರೆ ಇನ್ನೂ ಬೇಗ. ಅಂದರೆ ಒಣ ರಸ್ತೆಯಲ್ಲಿ ನಿಮ್ಮನ್ನು ಕಾಯುವ ಕಡಿಮೆ ಗಾಳಿಯೇ ಜುಲೈ ಮಳೆಯಲ್ಲಿ ಕೈಕೊಡುತ್ತದೆ. ಮಳೆಯಲ್ಲಿ ಗಾಳಿ ಹೆಚ್ಚಿಸಿದರೆ ಹಿಡಿತ ಹೋಗುತ್ತದೆ. ಪರಿಹಾರ ಒಂದೇ, ಅಗಲ ಕಡಿಮೆ ಮಾಡುವುದು. 540 ಕೆಜಿ ಕಾರಿಗೆ 205 ಮಿಲಿಮೀಟರ್ ಅಗಲ ಯಾಕೆ ಬೇಕು? ನೋಡಲು ಚೆಂದ, ಅಷ್ಟೇ. ನಾನಾಗಿದ್ದರೆ 165 ಅಥವಾ 175ಕ್ಕೆ ಇಳಿಯುತ್ತಿದ್ದೆ. ಮೊದಲ ಮಳೆಯ ದಿನವಂತೂ ಗ್ಯಾರೇಜಿನ ಬಾಗಿಲೇ ತೆರೆಯಬೇಡಿ. ಎಂಟು ತಿಂಗಳ ಎಣ್ಣೆ, ಧೂಳು, ರಬ್ಬರಿನ ಪುಡಿ ನೀರಲ್ಲಿ ಕಲಸಿ ರಸ್ತೆ ಸಾಬೂನಿನಂತಾಗಿರುತ್ತದೆ.

ಬ್ರೇಕಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಹಗುರ ಕಾರು ತಟ್ಟನೆ ನಿಲ್ಲುತ್ತದೆ ಅನ್ನುವುದು ಇನ್ನೊಂದು ನಂಬಿಕೆ. ನಿಲ್ಲಿಸುವುದು ಟೈರಿನ ಹಿಡಿತ, ತೂಕ ಅಲ್ಲ. ಒಳ್ಳೆಯ ಟೈರಿನ ಸ್ವಿಫ್ಟ್ ನಿಮ್ಮಷ್ಟೇ ದೂರದಲ್ಲಿ ನಿಲ್ಲುತ್ತದೆ. ಅದರಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವುದರಿಂದ ಒದ್ದೆ ರಸ್ತೆಯಲ್ಲಿ ನಿಮಗಿಂತ ಮೊದಲೇ ನಿಲ್ಲಬಹುದು. ನಿಮ್ಮ ಹಿಂದಿನ ಡ್ರಮ್ಮುಗಳ ಗಾತ್ರ ತುಂಬಿದ ವ್ಯಾನಿಗೆ ತಕ್ಕದ್ದು. ಹಗುರ ಹಿಂಭಾಗಕ್ಕೆ ಅವು ವಿಪರೀತ ಬಲ. ಮುಂದಿನ ಚಕ್ರಕ್ಕಿಂತ ಮೊದಲು ಹಿಂದಿನದು ಲಾಕ್ ಆಗುತ್ತದೆ. ಮುಂದಿನದು ಲಾಕ್ ಆದರೆ ಕಾರು ನೇರ ಹೋಗುತ್ತದೆ, ಹಿಂದಿನದು ಲಾಕ್ ಆದರೆ ಬೆನ್ನು ತಿರುಗಿಸುತ್ತದೆ. ಹಿಂದಿನ ಪೈಪಿಗೆ ಒತ್ತಡ ಇಳಿಸುವ ವಾಲ್ವ್ ಹಾಕಿಸಿ. ಆಮೇಲೆ ಖಾಲಿ ಮೈದಾನದಲ್ಲಿ, 30ರ ವೇಗದಲ್ಲಿ, ಹೊರಗೊಬ್ಬ ನಿಂತು ಯಾವ ಚಕ್ರ ಮೊದಲು ನಿಲ್ಲುತ್ತದೆ ಅಂತ ನೋಡಲಿ. ಮುಂದಿನದೇ ಮೊದಲು ನಿಲ್ಲಬೇಕು.

ಹಯಬುಸಾ ಆಸೆಗೆ ಬರೋಣ. ಈಗಿನ ಹೊಸ ಈಕೋ ಎಂಜಿನ್ 81 ಪಿಎಸ್ (ಕುದುರೆಶಕ್ತಿಯ ಅಳತೆ) ಕೊಡುತ್ತದೆ, ನಿಮ್ಮದು ಹಳೆಯದಾದರೆ ಸ್ವಲ್ಪ ಕಡಿಮೆ. 540 ಕೆಜಿಗೆ ಲೆಕ್ಕ ಹಾಕಿದರೆ ಟನ್ನಿಗೆ 150. ಸ್ವಿಫ್ಟ್ 90ರ ಹತ್ತಿರ. ಅಂದರೆ ಈಗಲೇ ನಿಮ್ಮದು ಚುರುಕು ಕಾರು. ಹಯಬುಸಾ 190 ಪಿಎಸ್. ಹಾಕಿದರೆ ಟನ್ನಿಗೆ 350ರ ಮೇಲೆ ಹೋಗುತ್ತದೆ. ಅಂಕಿ ಕೇಳಲು ಚೆಂದ. ಆದರೆ ಆ ಶಕ್ತಿ ಪೂರ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 9,700 ಸುತ್ತು ತಿರುಗಿದಾಗ. ವಾಕಡದ ಸಿಗ್ನಲ್ಲಿನಲ್ಲಿ ನಿಂತು ಹೊರಡುವವನಿಗೆ ಅದರಿಂದ ಏನು ಉಪಯೋಗ? ಆ ಕ್ಲಚ್ಚು 265 ಕೆಜಿಯ ಬೈಕು ಎಳೆಯಲು ಮಾಡಿದ್ದು. ಅದಕ್ಕೆ ರಿವರ್ಸ್ ಗೇರ್ ಇಲ್ಲ. ಇನ್ನೊಂದು ಸೂಕ್ಷ್ಮ ಬಹಳ ಜನಕ್ಕೆ ಹೊಳೆಯುವುದಿಲ್ಲ. ಬೈಕು ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಸಂಪಿನ, ಅಂದರೆ ಎಂಜಿನ್ ಅಡಿಯ ತೊಟ್ಟಿಯ, ಆಯಿಲ್ ತಳದಲ್ಲೇ ಇರುತ್ತದೆ. ಕಾರು ವಾಲುವುದಿಲ್ಲ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪು ಬರೀ ಗಾಳಿ ಎಳೆಯುತ್ತದೆ. ಸಂಪಿನೊಳಗೆ ತಡೆಗೋಡೆ ಇಲ್ಲದಿದ್ದರೆ ಬೇರಿಂಗ್ ಸುಟ್ಟೇ ಹೋಗುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದ ಎಂಜಿನ್ ಒಂದು ಭಾನುವಾರದಲ್ಲಿ ಮುಗಿಯಬಹುದು. ಸ್ಪ್ರಿಂಗ್, ಟೈರು, ಬ್ರೇಕ್ ಸರಿಯಾಗಿ, ನೀವು ಒಂದು ವರ್ಷ ಓಡಿಸಿ, ಆಮೇಲೂ ಶಕ್ತಿ ಸಾಲದು ಅನಿಸಿದರೆ ಆಗ ಯೋಚಿಸಿ. ಅನಿಸುವುದಿಲ್ಲ ಅಂತ ನನ್ನ ಪಣ.

ನಿಮ್ಮ ಮನೆಯವರ ಪ್ರಶ್ನೆ ನಿಮ್ಮ ಇಡೀ ಪತ್ರದಲ್ಲೇ ಒಳ್ಳೆಯ ಪ್ರಶ್ನೆ. ಇಲ್ಲ, ಕಾಣುವುದಿಲ್ಲ. ಇಂಥ ಕಾರಿನ ಎತ್ತರವೇ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಲಾರಿಯ ಎಡಪಕ್ಕಕ್ಕೆ ಹೋದರೆ ಚಾಲಕನ ಕನ್ನಡಿಯಲ್ಲೂ ಕಿಟಕಿಯಲ್ಲೂ ನೀವಿಲ್ಲ. ನಿಮ್ಮ ಕಣ್ಣು ಇರುವುದು ಹೆಚ್ಚುಕಮ್ಮಿ ಅದರ ಚಕ್ರದ ಮೇಲ್ತುದಿಯ ಮಟ್ಟದಲ್ಲಿ.

ಕಂಪನಿ ಕೆಲಸಕ್ಕೆ ನಾನು ಎರಡು ವರ್ಷ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿದ್ದೆ. ಸಹೋದ್ಯೋಗಿಯ ಸೆವೆನ್ ಅನ್ನು ಅಲ್ಲಿನ ಹಳ್ಳಿ ರಸ್ತೆಗಳಲ್ಲಿ ಓಡಿಸಿದ್ದೇನೆ. ಮಳೆ, ಕಿರಿದಾದ ದಾರಿ, ಎರಡೂ ಕಡೆ ಬೇಲಿ. 60 ಕಿಮೀ ವೇಗವೇ 120 ಅನಿಸುವ ಖುಷಿ. ಅಲ್ಲೂ ದೊಡ್ಡ ಲಾರಿ ಪಕ್ಕಕ್ಕೆ ಬಂದರೆ ಬೆನ್ನು ತಣ್ಣಗಾಗುತ್ತಿತ್ತು. ಆದರೆ ಅಲ್ಲಿ ಲಾರಿ ತನ್ನ ಸಾಲಿನಲ್ಲೇ ಇರುತ್ತದೆ ಅಂತ ನಂಬಬಹುದಿತ್ತು. ಇಲ್ಲಿ ಕಾತ್ರಜ್ ಹೊಸ ಸುರಂಗದಿಂದ ನವಲೆ ಬ್ರಿಜ್ ಕಡೆಗಿನ ಇಳಿಜಾರು ನೆನಪಿಸಿಕೊಳ್ಳಿ. ಭಾರದ ಲಾರಿಗಳ ಬ್ರೇಕ್ ಬಿಸಿಯಾಗಿ ಹಿಡಿತ ತಪ್ಪಿ ಅಲ್ಲಿ ಎಷ್ಟು ಅಪಘಾತ ಆಗಿವೆ ಅಂತ ಪುಣೆಯಲ್ಲಿರುವ ನಿಮಗೆ ಬೇರೆ ಹೇಳಬೇಕಿಲ್ಲ. ಬೆಳಗಾವಿ ಕಡೆಯಿಂದ ವಾಪಸ್ ಬರುವಾಗ ನೀವು ಅದೇ ಇಳಿಜಾರು ಇಳಿಯಬೇಕು. ಏರ್‌ಬ್ಯಾಗ್ ಇಲ್ಲದ, ಬಾಗಿಲೇ ಇಲ್ಲದ, ಮುಂದೆ ಕುಗ್ಗಿ ಪೆಟ್ಟು ನುಂಗುವ ಭಾಗವೇ ಇಲ್ಲದ ಕಾರಿನಲ್ಲಿ.

ರೋಡ್ ಹಂಪಿನ ಬಗ್ಗೆಯೂ ಒಂದು ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅದು ಅಷ್ಟು ಅಗಲ ಇರುವುದರಿಂದ ನಿಮ್ಮ ನಾಲ್ಕೂ ಚಕ್ರ ಒಟ್ಟಿಗೆ ಅದರ ಮೇಲೇರುತ್ತವೆ. ನಿಮ್ಮ ಕಾರಿನ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ ಎರಡೂಕಾಲು ಮೀಟರ್ ಇದ್ದರೆ, ಹೊಟ್ಟೆಯ ಕೆಳಗೆ ಅದು ತಿನ್ನುವುದು ಬರೀ 4 ಸೆಂಟಿಮೀಟರ್. ಆರಾಮಾಗಿ ದಾಟಬಹುದು. ಆದರೆ ನಮ್ಮ ಕಾಲೊನಿಯವರು ರಾತ್ರೋರಾತ್ರಿ ಒಂದಡಿ ಅಗಲಕ್ಕೆ ಕಾಂಕ್ರೀಟ್ ದಿಂಬು ಹಾಕಿ ಎಬ್ಬಿಸುತ್ತಾರಲ್ಲ, ಅದು ಎಷ್ಟು ಎತ್ತರವೋ ಅಷ್ಟನ್ನೂ ನಿಮ್ಮ ಸಂಪಿನ ಕೆಳಗೆ ಕೇಳುತ್ತದೆ.

ಇನ್ನು ಆರ್‌ಸಿ. ಇಲ್ಲಿ ಮೆತ್ತಗೆ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಈಕೋದ ಆರ್‌ಸಿ ಈಕೋಗೆ ಮಾತ್ರ. ಚಾಸಿಸ್ ಬೇರೆ, ಬಾಡಿ ಬೇರೆ ಆದ ಮೇಲೆ ಕಾನೂನಿನ ಕಣ್ಣಲ್ಲಿ ನಿಮ್ಮ ಕಾರು ನೋಂದಣಿಯೇ ಇಲ್ಲದ ಬೇರೊಂದು ವಾಹನ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ದಂಡ ದೊಡ್ಡ ಮಾತಲ್ಲ. ದಾರಿಯಲ್ಲಿ ಒಬ್ಬ ಸ್ಕೂಟರಿನವನಿಗೆ ಪೆಟ್ಟಾದರೆ ವಿಮಾ ಕಂಪನಿ ನಿಮ್ಮ ಕೈಬಿಡುತ್ತದೆ, ಪರಿಹಾರದ ಹೊರೆ ನಿಮ್ಮ ಮನೆಯ ಮೇಲೆ ಬೀಳುತ್ತದೆ. ನಿಗಡಿಯಲ್ಲಿ ಮನೆ ಸಾಲ ಏನಾದರೂ ಇದ್ದರೆ, ಅದರ ಮೇಲೆ ಇದೂ.

ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಕಾರನ್ನು ಪರೀಕ್ಷಿಸಿ ನೋಂದಾಯಿಸುವ ವ್ಯವಸ್ಥೆ ಇದೆ. ನಮ್ಮಲ್ಲಿ ಅಂಥ ಬಾಗಿಲಿಲ್ಲ. ಇರುವುದು ತಯಾರಕರಿಗಾಗಿ ಇರುವ ಟೈಪ್ ಅಪ್ರೂವಲ್, ಅಂದರೆ ಒಂದು ಮಾದರಿಯನ್ನು ಪರೀಕ್ಷಿಸಿ ಕೊಡುವ ಒಪ್ಪಿಗೆ. ಅದನ್ನು ಮಾಡುವ ಎಆರ್‌ಎಐ ಎಂಬ ವಾಹನ ಪರೀಕ್ಷಾ ಸಂಸ್ಥೆ ಪುಣೆಯ ಕೋಥರೂಡ್‌ನಲ್ಲೇ ಇದೆ. ಆದರೆ ಒಂದೇ ಕಾರು ಕಟ್ಟಿದವನಿಗೆ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಮುಳಶಿಯ ಲೇಔಟ್ ರಸ್ತೆಯೂ ಖಾಸಗಿ ಅಂತ ತಿಳಿಯಬೇಡಿ. ಜನ ಹಕ್ಕಿನಿಂದ ಓಡಾಡುವ ಜಾಗ ಎಲ್ಲವೂ ಕಾನೂನಿಗೆ ಸಾರ್ವಜನಿಕವೇ. ಅವತ್ತು ಆ ತಿರುವಿನಲ್ಲಿ ಹಾಲಿನವನ ಬೈಕು ಬಂದಿದ್ದರೆ ನೀವು ಈ ಪತ್ರವನ್ನು ನನಗಲ್ಲ, ವಕೀಲರಿಗೆ ಬರೆಯಬೇಕಿತ್ತು.

ಹಾಗಾದರೆ ಏನು ಮಾಡುವುದು? ಕಾರನ್ನು ಮಾರಬೇಡಿ, ಬಿಚ್ಚಬೇಡಿ. ಒಂದು ಟ್ರೇಲರ್ ಬಾಡಿಗೆಗೆ ಹಿಡಿಯಿರಿ. ತಳೇಗಾವ್ ಕಡೆಯ ನಾನೋಲಿಯ ಟ್ರ್ಯಾಕ್ ನಿಮಗೆ ಹತ್ತಿರ, ನಿಮ್ಮ ಕಾರನ್ನು ಒಳಗೆ ಬಿಡುತ್ತಾರಾ, ಏನೇನು ಷರತ್ತು ಅಂತ ಮೊದಲೇ ಕೇಳಿಕೊಳ್ಳಿ. ದೂರ ಹೋಗುವ ಹುಮ್ಮಸ್ಸಿದ್ದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, 2.1 ಕಿಮೀ. ಇಂಥ ಹಗುರ ಕಾರಿಗೆ ಅದೇ ಹೊಂದುತ್ತದೆ. ಚೆನ್ನೈ ಟ್ರ್ಯಾಕ್ ಅದಕ್ಕಿಂತ ಉದ್ದ, ವೇಗವೂ ಜಾಸ್ತಿ, ಮೊದಲ ವರ್ಷಕ್ಕೆ ಬೇಡ. ಟ್ರ್ಯಾಕಿನಲ್ಲೂ ಅಪಾಯ ಇಲ್ಲವೆಂದಲ್ಲ. ಆದರೆ ಎದುರಿನಿಂದ ಯಾರೂ ಬರುವುದಿಲ್ಲ, ಜಾರಿದರೆ ಜಾರಲು ಜಾಗ ಇರುತ್ತದೆ. ಕಾರು ಮಗುಚಿದರೆ ತಲೆ ಕಾಯುವ ಪೈಪಿನ ಕಮಾನು, ರೋಲ್ ಬಾರ್, ನಿಮ್ಮ ಹೆಲ್ಮೆಟ್ಟಿಗಿಂತ ಎತ್ತರ ಇರಬೇಕು. ಭುಜದ ಬೆಲ್ಟು ಭುಜದ ಮಟ್ಟದಿಂದ ನೇರ ಹಿಂದಕ್ಕೆ ಹೋಗಬೇಕು. ತುಂಬಾ ಕೆಳಗೆ ಕಟ್ಟಿದರೆ ಡಿಕ್ಕಿಯಲ್ಲಿ ಅದು ಬೆನ್ನುಮೂಳೆಯನ್ನೇ ಅದುಮುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೂತಲ್ಲಿಂದಲೇ ಕೈಗೆ ಸಿಗಬೇಕು.

ಕೈ ನಡುಕ ಹೋಗಲು ಇನ್ನೊಂದು ಅಗ್ಗದ ಔಷಧಿ ಇದೆ, ಗೋ ಕಾರ್ಟ್. ಊರಿಗೆ ಹೋಗುವ ದಾರಿಯಲ್ಲೇ ಕೊಲ್ಹಾಪುರದಲ್ಲಿ ಕಾರ್ಟಿಂಗ್ ಟ್ರ್ಯಾಕ್ ಇದೆ. ಕಾರ್ಟಿಗೆ ಸಸ್ಪೆನ್ಷನ್ನೇ ಇಲ್ಲ. ಹಿಂಭಾಗ ಜಾರುವುದು ಸೊಂಟಕ್ಕೆ ಹೇಗೆ ಗೊತ್ತಾಗುತ್ತದೆ, ಆಗ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ಕಿತ್ತರೆ ಏನಾಗುತ್ತದೆ, ಎಲ್ಲ ಒಂದು ಮಧ್ಯಾಹ್ನದಲ್ಲಿ ಕಲಿಸುತ್ತದೆ.

ರಸ್ತೆಯಲ್ಲೇ ಓಡಿಸಬೇಕು, ಹಗುರ ಕಾರೇ ಬೇಕು ಅನ್ನುವ ಹಟ ಇದ್ದರೆ ಗೋವಾ ಕಡೆ ಒಂದು ಕಣ್ಣಿಡಿ. ಬೆಂಗಳೂರಿನ ಸ್ಯಾನ್ ಗುಂಪು ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಕಾರು ಮಾಡುತ್ತಿತ್ತು. ಫೈಬರ್ ಬಾಡಿ, ತೆರೆದ ಮೇಲ್ಭಾಗ, ರೆನೋದ 1.2 ಲೀಟರ್ ಎಂಜಿನ್, 60 ಕುದುರೆಶಕ್ತಿ. ರಾಕೆಟ್ ಅಲ್ಲ. ಆದರೆ ನೋಂದಣಿ ಇರುವ ಕಾರು. ಹಳೆಯದು ಅಪರೂಪಕ್ಕೆ ಮಾರಾಟಕ್ಕೆ ಬರುತ್ತದೆ. ಬಿಡಿಭಾಗ ಹುಡುಕಿ ಚಪ್ಪಲಿ ಸವೆಯುತ್ತದೆ, ಅದು ಖಚಿತ. ಬಾಡಿ ಬಿರುಕು ಬಿಟ್ಟರೆ ಚಿಂತೆಯಿಲ್ಲ, ಫೈಬರ್ ದೋಣಿ ರಿಪೇರಿ ಮಾಡುವವರು ಅದನ್ನೂ ಮಾಡುತ್ತಾರೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ನವೀಕರಿಸಿಕೊಳ್ಳಬೇಕು. ಅದು ಆಗಿದೆಯಾ ನೋಡದೆ ಮುಂಗಡ ಕೊಡಬೇಡಿ.

ಕೊನೆಗೆ ಒಂದು ನನ್ನ ಕಥೆ. ತಾಮ್ಹಿಣಿ ಘಾಟಿನಲ್ಲಿ ಒಂದು ಹಗುರ ಪ್ರೋಟೋಟೈಪ್ ಪರೀಕ್ಷೆ ನಡೆಸುತ್ತಿದ್ದೆವು. ವಾಪಸ್ ಬರುವಾಗ ಪೌಡಿನಲ್ಲಿ ವಡಾಪಾವ್ ತಿನ್ನಲು ನಿಲ್ಲಿಸಿದೆವು. ಕೈ ಒರೆಸಿಕೊಳ್ಳುತ್ತಾ ಸುಮ್ನೆ ಬಗ್ಗಿ ನೋಡಿದೆ. ಸ್ಟೀರಿಂಗ್ ಕಾಲಮ್ಮಿನ ನಟ್ಟಿನ ಮೇಲೆ ಬೆಳಿಗ್ಗೆ ನಾನೇ ಎಳೆದಿದ್ದ ಹಳದಿ ಬಣ್ಣದ ಗೆರೆ ಮುರಿದಿತ್ತು, ನಟ್ಟು ಕಾಲು ಸುತ್ತು ಸಡಿಲಾಗಿತ್ತು. ಹಗುರ ಕಾರು ನಡುಗುತ್ತಲೇ ಇರುತ್ತದೆ, ನಟ್ಟುಗಳು ಬಿಚ್ಚಿಕೊಳ್ಳುತ್ತಲೇ ಇರುತ್ತವೆ. ನೀವೂ ಸ್ಟೀರಿಂಗು, ವಿಶ್‌ಬೋನು (ಚಕ್ರವನ್ನು ಫ್ರೇಮಿಗೆ ಹಿಡಿಯುವ ತೋಳು), ಬ್ರೇಕು, ಆಕ್ಸಲ್ಲಿನ ಪ್ರತಿ ನಟ್ಟಿಗೂ ಬಣ್ಣದ ಗೆರೆ ಎಳೆಯಿರಿ. ಟ್ರ್ಯಾಕಿಗೆ ಇಳಿಯುವ ಮೊದಲೂ ಬಂದ ಮೇಲೂ ಟಾರ್ಚ್ ಹಿಡಿದು ನೋಡಿ. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಮೊದಲ ನೂರು ಕಿಲೋಮೀಟರಿಗೇ ಎಲ್ಲವನ್ನೂ ಮತ್ತೆ ಬಿಗಿಯಿರಿ.

ದಸರಾಕ್ಕೆ ಮನೆಯ ಕಾರಿನಲ್ಲೇ ಊರಿಗೆ ಹೋಗಿ ಬನ್ನಿ. ಅಷ್ಟರಲ್ಲಿ ಅಕ್ಕಿ ಚೀಲದ ಅಳತೆ, ನಾಲ್ಕು ಚಕ್ರಗಳ ಕೆಳಗೆ ಬೇರೆ ಬೇರೆ ತೂಕ ಎಷ್ಟಿದೆ ಎಂಬುದು, ಎರಡನ್ನೂ ಬರೆದು ಕಳಿಸಿ. ತೂಗುವಾಗ ಚಾಲಕನ ಸೀಟಿನಲ್ಲಿ ನೀವೇ ಕೂತಿರಿ. 75 ಕೆಜಿ ಮನುಷ್ಯ ಇಂಥ ಕಾರಿನ ತೂಕದಲ್ಲಿ ಎಂಟರಲ್ಲೊಂದು ಪಾಲು, ನಿಮ್ಮನ್ನು ಬಿಟ್ಟು ತೂಗಿದರೆ ಲೆಕ್ಕ ತಪ್ಪುತ್ತದೆ. ಅಂಕಿ ಬಂದರೆ ಭೋಸರಿಯವರಿಗೆ ಹೇಳಬೇಕಾದ ಸ್ಪ್ರಿಂಗಿನ ಅಳತೆಯನ್ನು ನಾನೇ ಲೆಕ್ಕ ಹಾಕಿ ಕೊಡುತ್ತೇನೆ.